ಇಲಾಖೆಗೆ ಹೊಸ ಸಾಫ್ಟ್‌ವೇರ್ ಬೇಕು: ಎನ್‌ಐಸಿ, ಸೇವಾಸಿಂಧು, ಟೆಂಡರ್, ಸ್ವಂತ ತಂಡ – ಯಾವುದು ಯಾವಾಗ?

ಬಜೆಟ್ ಭಾಷಣದಲ್ಲಿ ಒಂದು ಸಾಲು ಬರುತ್ತದೆ: ಇಂಥ ಸೇವೆಯನ್ನು ಆನ್‌ಲೈನ್ ಮಾಡಲಾಗುವುದು. ಸ್ವಲ್ಪ ದಿನದಲ್ಲೇ ಇಲಾಖೆಯ ಒಬ್ಬರನ್ನು ನೋಡಲ್ ಅಧಿಕಾರಿ ಅಂತ ನೇಮಿಸಿ ಆದೇಶ ಹೊರಡುತ್ತದೆ. ಆ ಒಬ್ಬರು ನೀವಾಗಿದ್ದರೆ ಈ ಬರಹ ನಿಮಗೆ. ನಾನೂ ಈ ಕೆಲಸಕ್ಕೆ ಹಾಗೇ ಬಂದವನು. ಕಂಪ್ಯೂಟರ್ ಓದಿದವನಲ್ಲ, ಟಿಪ್ಪಣಿ ಬರೆದು ಕಡತ ಮಂಡಿಸಿ ಕೆಲಸ ಕಲಿತವನು.

ಮೊದಲ ಸಭೆಯಲ್ಲೇ ಪ್ರಶ್ನೆ ಏಳುತ್ತದೆ: ಯಾರಿಂದ ಮಾಡಿಸೋಣ? ಸರ್ಕಾರಿ ಕಚೇರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕೇಂದ್ರದ ಸಂಸ್ಥೆ ಎನ್‌ಐಸಿಗೆ ಬರೆಯೋಣ ಅಂತ ಒಬ್ಬರು. ರಾಜ್ಯದ ಆನ್‌ಲೈನ್ ಅರ್ಜಿ ತಾಣವಾದ ಸೇವಾಸಿಂಧುವಿಗೆ ಸೇರಿಸಿಬಿಡೋಣ ಅಂತ ಇನ್ನೊಬ್ಬರು. ಟೆಂಡರ್ ಕರೆದು ಒಳ್ಳೆಯ ಕಂಪನಿಗೆ ಕೊಡೋಣ ಅಂತ ಮತ್ತೊಬ್ಬರು. ಆಮೇಲೆ ಮಾತೆಲ್ಲ ಎಷ್ಟು ದುಡ್ಡು, ಎಷ್ಟು ತಿಂಗಳು ಅನ್ನುವುದರ ಸುತ್ತಲೇ ತಿರುಗುತ್ತದೆ. ಆ ಎರಡೂ ಮುಖ್ಯ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ಎರಡು ವರ್ಷ ಬಿಟ್ಟು ನಿಯಮ ಬದಲಾಗುತ್ತದೆ, ಅರ್ಜಿಯಲ್ಲಿ ಒಂದು ಸಾಲು ತಿದ್ದಬೇಕು ಅಂದುಕೊಳ್ಳಿ. ಆಗ ಯಾರಿಗೆ ಫೋನ್ ಮಾಡುತ್ತೀರಿ? ಅವರು ಎಷ್ಟು ದಿನದಲ್ಲಿ ತಿದ್ದಿಕೊಡುತ್ತಾರೆ? ಅದಕ್ಕೆ ಮತ್ತೆ ದುಡ್ಡು ಕೇಳುತ್ತಾರಾ?

ಈ ಪ್ರಶ್ನೆ ನನಗೆ ಹೊಳೆದದ್ದು ಒಂದು ಚುಕ್ಕಿಯಿಂದ. ನಾವು ಒಂದು ಕಂಪನಿಯಿಂದ ಪ್ರಮಾಣಪತ್ರದ ಸಾಫ್ಟ್‌ವೇರ್ ಮಾಡಿಸಿದ್ದೆವು. ಅರ್ಜಿಯಲ್ಲಿ ‘ತಂದೆ ಅಥವಾ ಗಂಡನ ಹೆಸರು’ ಅನ್ನುವ ಜಾಗ ಕಡ್ಡಾಯವಾಗಿತ್ತು. ತುಂಬದಿದ್ದರೆ ಮುಂದೆ ಹೋಗುತ್ತಲೇ ಇರಲಿಲ್ಲ. ಒಂದು ದಿನ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಮಗಳ ದಾಖಲೆಗಳಲ್ಲೆಲ್ಲ ತಾಯಿಯ ಹೆಸರೇ ಇತ್ತು. ಆಪರೇಟರ್ ಹುಡುಗಿ ಪಾಪ ಏನು ಮಾಡಬೇಕು? ತಂದೆಯ ಹೆಸರಿನ ಜಾಗದಲ್ಲಿ ಒಂದು ಚುಕ್ಕಿ ಹಾಕಿ ಮುಂದೆ ಹೋದಳು. ಪ್ರಮಾಣಪತ್ರದಲ್ಲಿ ‘ತಂದೆ: .’ ಅಂತ ಅಚ್ಚಾಯಿತು. ಶಾಲೆಯವರು ಅದನ್ನು ವಾಪಸ್ ಕಳಿಸಿದರು.

‘ತಾಯಿ’ ಅಂತ ಒಂದು ಆಯ್ಕೆ ಸೇರಿಸಿ ಅಂತ ಕಂಪನಿಗೆ ಪತ್ರ ಬರೆದೆವು. ಇದು ಒಪ್ಪಂದದಲ್ಲಿ ಇಲ್ಲ, ಚೇಂಜ್ ರಿಕ್ವೆಸ್ಟ್ ಆಗುತ್ತದೆ ಅಂತ ದರಪಟ್ಟಿ ಬಂತು. ಕಡತ ಆರ್ಥಿಕ ಶಾಖೆಗೆ ಹೋಯಿತು, ಷರಾ ಬರೆಸಿಕೊಂಡು ಬಂತು, ಮತ್ತೆ ಹೋಯಿತು. ಐದು ತಿಂಗಳು. ಅಲ್ಲಿಯವರೆಗೆ ನಮ್ಮ ಸಿಬ್ಬಂದಿ ಅಚ್ಚಾದ ಪ್ರಮಾಣಪತ್ರದ ಮೇಲೆ ಪೆನ್ನಿನಲ್ಲಿ ಬರೆದು ಮೊಹರು ಹಾಕಿ ಕೊಟ್ಟರು. ತಪ್ಪು ಕಂಪನಿಯದೊಂದೇ ಅಲ್ಲ. ಒಪ್ಪಂದ ಬರೆಯುವಾಗ ಆ ಸಾಲು ನಮಗೂ ಹೊಳೆದಿರಲಿಲ್ಲ.

ಈಗ ನಾಲ್ಕು ದಾರಿಗಳನ್ನೂ ಇದೇ ಕಣ್ಣಿನಿಂದ ನೋಡೋಣ.

ಎನ್‌ಐಸಿ

ಎನ್‌ಐಸಿ 1976ರಿಂದ ಇದೆ, ಕೇಂದ್ರ ಸರ್ಕಾರದ್ದು. ಪ್ರತಿ ಜಿಲ್ಲೆಯಲ್ಲೂ ಅವರ ಕಚೇರಿ ಇದೆ. ನಮ್ಮ ರಾಜ್ಯದಲ್ಲಿ ಅವರ ಕೆಲಸ ನೋಡಬೇಕು ಅಂದರೆ ಭೂಮಿ ಯೋಜನೆಯನ್ನೇ ನೋಡಬೇಕು. ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿದ್ದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಆಗಿದ್ದ 177 ತಾಲ್ಲೂಕುಗಳಲ್ಲೂ ಕಿಯೋಸ್ಕ್ ತೆರೆಯಿತು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಆ ಕಿಯೋಸ್ಕಿನಲ್ಲಿ ಎರಡು ಮಾನಿಟರ್ ಇರುತ್ತಿದ್ದವು. ಒಂದು ಆಪರೇಟರ್ ಕಡೆಗೆ, ಇನ್ನೊಂದು ರೈತರ ಕಡೆಗೆ ತಿರುಗಿರುತ್ತಿತ್ತು. ತನ್ನ ಸರ್ವೆ ನಂಬರ್ ಎದುರು ಏನು ಬರೆದಿದೆ ಅಂತ ರೈತ ತಾನೇ ನೋಡಬಹುದಿತ್ತು. ಇಷ್ಟು ಸಣ್ಣ ವಿಷಯ, ಆದರೆ ಎಷ್ಟು ಯೋಚನೆ ಮಾಡಿ ಮಾಡಿದ್ದು ಅಲ್ವಾ?

ಭೂಮಿ ಗೆದ್ದಿದ್ದು ಸಾಫ್ಟ್‌ವೇರ್ ಚೆನ್ನಾಗಿತ್ತು ಅನ್ನುವುದೊಂದರಿಂದಲೇ ಅಲ್ಲ. ಕೈಬರಹದ ಪಹಣಿ ಇನ್ನು ಮುಂದೆ ನಡೆಯುವುದಿಲ್ಲ ಅಂತ ಸರ್ಕಾರ ಕಡ್ಡಾಯ ಮಾಡಿತು. ಹಳೆಯ ದಾರಿ ಮುಚ್ಚಿದ ಮೇಲೆ ಎಲ್ಲರೂ ಹೊಸ ದಾರಿಗೆ ಬರಲೇಬೇಕಾಯಿತು. ಇನ್ನೊಂದು, ರಾಜೀವ್ ಚಾವ್ಲಾ ಅವರಂಥ ಅಧಿಕಾರಿ ವರ್ಷಗಟ್ಟಲೆ ಅದೇ ಯೋಜನೆಯ ಬೆನ್ನಿಗೆ ನಿಂತರು. ಕೋಡ್ ಬರೆದವರು ಎನ್‌ಐಸಿಯವರು, ಆದರೆ ಯೋಜನೆಯ ಯಜಮಾನಿಕೆ ಕಂದಾಯ ಇಲಾಖೆಯ ಕೈಯಲ್ಲೇ ಇತ್ತು. ಎನ್‌ಐಸಿಗೆ ಪತ್ರ ಬರೆದು ಕೈ ತೊಳೆದುಕೊಳ್ಳುವ ಇಲಾಖೆಗಳು ಮರೆಯುವುದು ಇದನ್ನೇ.

ಎನ್‌ಐಸಿಯ ದೊಡ್ಡ ಬಲ ಅಂದರೆ ಅವರು ಎಲ್ಲೂ ಹೋಗುವುದಿಲ್ಲ. ಒಪ್ಪಂದ ಮುಗಿಯಿತು, ನಾವು ಹೊರಟೆವು ಅನ್ನುವ ಮಾತಿಲ್ಲ. ಡೇಟಾ ಸರ್ಕಾರದ ಮನೆಯೊಳಗೇ ಇರುತ್ತದೆ. ಕಷ್ಟ ಇರುವುದು ಜನಬಲದಲ್ಲಿ. ಒಂದೇ ತಂಡ ಎಷ್ಟೋ ಇಲಾಖೆಗಳಿಗೆ ಕೆಲಸ ಮಾಡುತ್ತಿರುತ್ತದೆ. ಚುನಾವಣೆ ಬಂದರೆ ಜಿಲ್ಲೆಯ ಅಧಿಕಾರಿಗಳು ಅದರಲ್ಲೇ ಮುಳುಗಿರುತ್ತಾರೆ. ನಿಮ್ಮ ಕೆಲಸ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಹಾಗಾಗಿ ಎನ್‌ಐಸಿಗೆ ಹೋಗುವವರು ಒಂದು ವಿಷಯ ಮೊದಲೇ ಮಾತಾಡಿಕೊಳ್ಳಿ: ನಮ್ಮ ಯೋಜನೆಗೆ ಅಂತಲೇ ಇಬ್ಬರು ಮೂವರು ಡೆವಲಪರ್‌ಗಳನ್ನು ಇಲಾಖೆಯ ದುಡ್ಡಿನಲ್ಲಿ ಕೂರಿಸಲು ಆಗುತ್ತದಾ? ಎನ್‌ಐಸಿಯದೇ ಸಂಸ್ಥೆಯಾದ ನಿಕ್ಸಿ ಮೂಲಕ ಹೀಗೆ ಜನರನ್ನು ತೆಗೆದುಕೊಳ್ಳಬಹುದು. ಇದಕ್ಕೆ ಬಜೆಟ್ ಇಟ್ಟುಕೊಂಡ ಇಲಾಖೆಯ ಕೆಲಸ ಬೇಗ ಸಾಗುತ್ತದೆ.

ಸೇವಾಸಿಂಧು

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ಇದು ಸರಳ. ಸೇವಾಸಿಂಧು ನಡೆಯುವುದು ಎನ್‌ಐಸಿಯ ಸರ್ವೀಸ್‌ಪ್ಲಸ್ ಅನ್ನುವ ವೇದಿಕೆಯ ಮೇಲೆ. ಅರ್ಜಿ ನಮೂನೆ, ಯಾರಿಂದ ಯಾರಿಗೆ ಹೋಗಬೇಕು, ಕೊನೆಗೆ ಯಾವ ಪತ್ರ ಹೊರಬರಬೇಕು – ಇದನ್ನೆಲ್ಲ ಕೋಡ್ ಬರೆಯದೆಯೇ ಹೊಂದಿಸಬಹುದು. ಹೊಸ ಸೇವೆಯನ್ನು ವಾರಗಳಲ್ಲಿ ಶುರು ಮಾಡಬಹುದು. ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳ ಮೂಲಕ ಜನರಿಗೆ ತಲುಪುತ್ತದೆ. ಸಕಾಲಕ್ಕೂ ಜೋಡಣೆ ಇರುವುದರಿಂದ ದಿನದ ಲೆಕ್ಕ ತಾನಾಗಿಯೇ ನಡೆಯುತ್ತದೆ. ಆ ದಿನದ ಲೆಕ್ಕ ಸುಮ್ನೆ ಅಲ್ಲ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಅರ್ಜಿದಾರರಿಗೆ ಪರಿಹಾರ ಕೊಡಬೇಕು ಅಂತ ಸಕಾಲ ಕಾಯ್ದೆಯೇ ಹೇಳುತ್ತದೆ.

ನಿಮ್ಮ ಸೇವೆ ‘ಅರ್ಜಿ ಬಂತು, ಪರಿಶೀಲನೆ ಆಯಿತು, ಮಂಜೂರಾಯಿತು, ಪತ್ರ ಕೊಟ್ಟೆವು’ ಅನ್ನುವಷ್ಟರಲ್ಲಿ ಮುಗಿಯುತ್ತದಾದರೆ ಬೇರೆ ಯೋಚನೆಯೇ ಬೇಡ. ‘ತಾಯಿ’ ಅಂತ ಒಂದು ಆಯ್ಕೆ ಸೇರಿಸುವುದು ಇಲ್ಲಿ ಒಂದೆರಡು ದಿನದ ಕೆಲಸ. ಆದರೆ ನಿಮ್ಮ ಇಲಾಖೆ ಒಂದು ದೊಡ್ಡ ವಹಿಯನ್ನೇ ನಡೆಸುತ್ತಿದ್ದರೆ, ಅಂದರೆ ವರ್ಷ ವರ್ಷ ನವೀಕರಣ, ಹೆಸರು ವರ್ಗಾವಣೆ, ಬಾಕಿ ಲೆಕ್ಕ, ಹಳೆಯ ದಾಖಲೆ ಹುಡುಕಾಟ ಎಲ್ಲ ಇದ್ದರೆ, ಇಲ್ಲಿ ತುರುಕಬೇಡಿ. ಅರ್ಜಿ ಇಲ್ಲಿ ತೆಗೆದುಕೊಳ್ಳಿ, ವಹಿ ಬೇರೆ ಕಡೆ ಇರಲಿ, ಎರಡನ್ನೂ ಜೋಡಿಸಿ.

ಟೆಂಡರ್ ಕರೆದು ಕಂಪನಿಗೆ ಕೊಡುವುದು

ಇಲ್ಲಿ ಸ್ವಲ್ಪ ನಿಲ್ಲಬೇಕು. ದುಡ್ಡು ಜಾಸ್ತಿ ಹೋಗುವುದೂ ಇಲ್ಲೇ, ತಪ್ಪು ಆಗುವುದೂ ಇಲ್ಲೇ.

ಖಾಸಗಿ ಕಂಪನಿ ಅಂದ ತಕ್ಷಣ ಬೇಡ ಅನ್ನುವವರಿಗೆ ನಾನು ಪಾಸ್‌ಪೋರ್ಟ್ ಸೇವಾ ಕೇಂದ್ರ ನೋಡಿ ಅನ್ನುತ್ತೇನೆ. 2008ರಲ್ಲಿ ವಿದೇಶಾಂಗ ಸಚಿವಾಲಯ ಟಿಸಿಎಸ್ ಜೊತೆ ಒಪ್ಪಂದ ಮಾಡಿಕೊಂಡಿತು. 2010ರಲ್ಲಿ ಬೆಂಗಳೂರು ಮತ್ತು ಚಂಡೀಗಢದ ಕಡೆ ಪ್ರಾಯೋಗಿಕವಾಗಿ ಶುರುವಾಯಿತು. 2012ರ ಹೊತ್ತಿಗೆ ದೇಶದಲ್ಲಿ 77 ಕೇಂದ್ರಗಳಾದವು. ನೀವು ಲಾಲ್‌ಬಾಗ್ ರಸ್ತೆಯ ಕೇಂದ್ರಕ್ಕೋ ಹುಬ್ಬಳ್ಳಿಯದಕ್ಕೋ ಹೋಗಿದ್ದರೆ ಎ, ಬಿ, ಸಿ ಕೌಂಟರ್ ನೆನಪಿರುತ್ತದೆ. ಎ ಕೌಂಟರಿನಲ್ಲಿ ಫೋಟೊ, ಬೆರಳಚ್ಚು, ಕಾಗದ ಸ್ಕ್ಯಾನ್ – ಅಲ್ಲಿ ಕೂತವರು ಕಂಪನಿಯವರು. ಬಿ ಕೌಂಟರಿನಲ್ಲಿ ಪರಿಶೀಲನೆ, ಸಿ ಕೌಂಟರಿನಲ್ಲಿ ಮಂಜೂರಾತಿ – ಅಲ್ಲಿ ಕೂತವರು ಸರ್ಕಾರಿ ನೌಕರರು. ಯಾವ ಕೆಲಸ ಹೊರಗೆ ಕೊಡಬಹುದು, ಯಾವುದು ಸರ್ಕಾರವೇ ಮಾಡಬೇಕು ಅನ್ನುವ ಗೆರೆ ಕೌಂಟರಿನಲ್ಲೇ ಕಾಣುತ್ತದೆ. ದುಡ್ಡು ಕೊಡುವ ರೀತಿಯೂ ನೋಡಿ: ಇಷ್ಟು ಕಂಪ್ಯೂಟರ್ ತಂದಿರಿ, ಇಷ್ಟು ಕೊಡುತ್ತೇವೆ ಅಂತಲ್ಲ. ಸೇವೆ ನಡೆದಷ್ಟಕ್ಕೆ ಹಣ. ಅರ್ಜಿ ಸಾಗಿದರೆ ಮಾತ್ರ ಕಂಪನಿಗೆ ಲಾಭ.

ನಮ್ಮ ಟೆಂಡರ್‌ಗಳಲ್ಲಿ ಇದು ಉಲ್ಟಾ ಆಗುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಅಗತ್ಯಗಳ ದಾಖಲೆ ಕೊಟ್ಟರೆ ಶೇ 20, ವಿನ್ಯಾಸ ಕೊಟ್ಟರೆ ಶೇ 20, ಸಾಫ್ಟ್‌ವೇರ್ ತೋರಿಸಿದರೆ ಶೇ 40. ಜನ ಒಂದು ಅರ್ಜಿಯನ್ನೂ ಹಾಕುವ ಮೊದಲೇ ಮುಕ್ಕಾಲು ದುಡ್ಡು ಹೋಗಿರುತ್ತದೆ. ಆಮೇಲೆ ಕಂಪನಿಯ ಒಳ್ಳೆಯ ಹುಡುಗರು ಬೇರೆ ಪ್ರಾಜೆಕ್ಟಿಗೆ ಹೋಗುತ್ತಾರೆ. ನಮಗೆ ಉಳಿಯುವವರು ಹೊಸಬರು. ನಾನು ಈಗ ಕರಡು ಬರೆಯುವಾಗ ಅರ್ಧಕ್ಕಿಂತ ಜಾಸ್ತಿ ಹಣವನ್ನು ಶುರುವಾದ ಮೇಲಿನ ಮೂರರಿಂದ ಐದು ವರ್ಷಕ್ಕೆ ಹಂಚುತ್ತೇನೆ, ಮೂರು ತಿಂಗಳಿಗೊಮ್ಮೆ ಕೊಡುವ ಹಾಗೆ. ಜೊತೆಗೆ ವರ್ಷಕ್ಕೆ ಇಷ್ಟು ದಿನದ ಬದಲಾವಣೆ ಕೆಲಸ ಇದೇ ಬೆಲೆಯೊಳಗೆ ಅಂತ ಬರೆಯುತ್ತೇನೆ. ಹಾಗೆ ಬರೆದಿದ್ದರೆ ಆ ಚುಕ್ಕಿಗೆ ಐದು ತಿಂಗಳು ಬೇಕಾಗುತ್ತಿರಲಿಲ್ಲ.

ಕಂಪನಿಯನ್ನು ಆರಿಸುವ ರೀತಿಗೂ ಇದೇ ಮಾತು. ಸರ್ಕಾರಿ ಖರೀದಿಗೆ ಇರುವ ರಾಜ್ಯದ 1999ರ ಕೆಟಿಪಿಪಿ ಕಾಯ್ದೆಯ ಪ್ರಕಾರ ಟೆಂಡರ್ ನಡೆಯಬೇಕು. ಎಲ್ಲರಿಗೂ ಗೊತ್ತಿರುವುದು ಎಲ್-1, ಅಂದರೆ ಅರ್ಹರಲ್ಲಿ ಕಡಿಮೆ ಬೆಲೆ ಹೇಳಿದವರಿಗೆ. ಪ್ರಿಂಟರ್, ಯುಪಿಎಸ್ ಕೊಳ್ಳಲು ಅದು ಸರಿ. ಸಾಫ್ಟ್‌ವೇರ್ ಬರೆಸಲು ಗುಣಮಟ್ಟಕ್ಕೂ ಅಂಕ ಕೊಡುವ ಕ್ಯೂಸಿಬಿಎಸ್ ಒಳ್ಳೆಯದು. ಒಂದು ಲೆಕ್ಕ ನೋಡಿ. ಗುಣಮಟ್ಟಕ್ಕೆ 70, ಬೆಲೆಗೆ 30 ಅಂತ ಇಟ್ಟಿರಿ ಅನ್ನಿ. ಒಂದು ಕಂಪನಿಗೆ ತಾಂತ್ರಿಕ ಅಂಕ 90, ಅವರ ಬೆಲೆ 1.2 ಕೋಟಿ. ಇನ್ನೊಂದಕ್ಕೆ 70, ಬೆಲೆ 1 ಕೋಟಿ. ಬೆಲೆಯಲ್ಲಿ ಕಡಿಮೆ ಹೇಳಿದವರಿಗೆ ಪೂರ್ತಿ 30, ಉಳಿದವರಿಗೆ ಅದೇ ಪ್ರಮಾಣದಲ್ಲಿ ಕಡಿಮೆ. ಮೊದಲನೆಯವರಿಗೆ 63 ಮತ್ತು 25, ಒಟ್ಟು 88. ಎರಡನೆಯವರಿಗೆ 49 ಮತ್ತು 30, ಒಟ್ಟು 79. ಕೆಲಸ ಮೊದಲನೆಯವರಿಗೆ ಹೋಗುತ್ತದೆ. ಎಲ್-1 ಆಗಿದ್ದರೆ ಎರಡನೆಯವರಿಗೆ ಹೋಗುತ್ತಿತ್ತು.

ಆದರೆ ಆ 90 ಅಂಕ ಬಂದದ್ದು ಯಾವುದಕ್ಕೆ? ಅಲ್ಲೇ ಕಣ್ಣಿಡಬೇಕು. ವಹಿವಾಟು ಇಷ್ಟು ಕೋಟಿ, ಸರ್ಟಿಫಿಕೇಟ್ ಇಷ್ಟು, ಸಿಬ್ಬಂದಿ ಇಷ್ಟು ಸಾವಿರ ಅನ್ನುವುದಕ್ಕೇ ಬಹುಪಾಲು ಅಂಕ ಕೊಟ್ಟರೆ ನೀವು ಅಳೆಯುತ್ತಿರುವುದು ಕಂಪನಿಯ ಗಾತ್ರವನ್ನು. ನಿಮ್ಮದೇ ಒಂದು ಅರ್ಜಿ ನಮೂನೆ ಕೊಟ್ಟು, ಎರಡು ವಾರದಲ್ಲಿ ಮಾಡಿ ತೋರಿಸಿ ಅನ್ನಿ. ಅದಕ್ಕೆ ದೊಡ್ಡ ಅಂಕ ಇಡಿ. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ಯಾರು ಬರುತ್ತಾರೋ ಅವರೇ ಬಂದು ತೋರಿಸಲಿ, ಮಾರಾಟದ ತಂಡದವರು ಬೇಡ.

ಟೆಂಡರ್ ತಡ ಆಗುತ್ತದೆ ಅಂತ ಕೆಲವರು ಸರ್ಕಾರದ್ದೇ ನಿಗಮವೊಂದಕ್ಕೆ ಟೆಂಡರ್ ಇಲ್ಲದೆ, ಅದೇ ಕಾಯ್ದೆಯ 4(ಜಿ) ವಿನಾಯಿತಿಯಲ್ಲಿ ಕೆಲಸ ಕೊಡುತ್ತಾರೆ. ಕಾಯ್ದೆಯಲ್ಲಿ ಅದಕ್ಕೆ ಜಾಗ ಇದೆ. ಸಮಯವೂ ಉಳಿಯಬಹುದು. ಆದರೆ ನಿಗಮ ಆ ಕೆಲಸವನ್ನು ತಾನೇ ಮಾಡುತ್ತದಾ, ಇನ್ನೊಂದು ಏಜೆನ್ಸಿಗೆ ಕೊಡುತ್ತದಾ ಅಂತ ಕೇಳಿ. ಕೊಡುವುದಾದರೆ ತಿದ್ದುಪಡಿ ಬೇಕಾದಾಗ ನಿಮ್ಮ ಪತ್ರ ಎರಡು ಕಚೇರಿ ದಾಟಿ ಕೋಡ್ ಬರೆಯುವವರ ಮೇಜಿಗೆ ಹೋಗುತ್ತದೆ. ಆ ದಾರಿ ಎಷ್ಟು ಉದ್ದ ಅಂತ ಮೊದಲೇ ಅಳೆದುಕೊಳ್ಳಿ.

ಕಂಪನಿ ದೊಡ್ಡದಾಗಿದ್ದರೆ ಸಾಕು ಅನ್ನುವ ಧೈರ್ಯವೂ ಬೇಡ. 2021ರ ಜೂನ್ 7ರಂದು ಇನ್ಫೋಸಿಸ್ ಮಾಡಿದ ಆದಾಯ ತೆರಿಗೆಯ ಹೊಸ ಪೋರ್ಟಲ್ ಶುರುವಾಯಿತು. ಅದಕ್ಕೆ ಮೊದಲು ಕೆಲವು ದಿನ ಹಳೆಯದನ್ನು ನಿಲ್ಲಿಸಿದ್ದರು. ರಿಟರ್ನ್ ಹಾಕುವ ಕಾಲ ಅದು. ತಿಂಗಳುಗಟ್ಟಲೆ ಜನ ಒದ್ದಾಡಿದರು. ಆ ವರ್ಷ ಸಾಮಾನ್ಯ ತೆರಿಗೆದಾರರ ಕೊನೆಯ ದಿನವನ್ನು ಡಿಸೆಂಬರ್ 31ರವರೆಗೆ ಮುಂದೆ ಹಾಕಬೇಕಾಯಿತು. ನಮ್ಮಂಥ ಸಣ್ಣ ಯೋಜನೆಗೂ ಇದು ಅನ್ವಯಿಸುತ್ತದೆ. ವಿದ್ಯಾರ್ಥಿವೇತನದ ಸಾಫ್ಟ್‌ವೇರ್ ಜೂನ್‌ನಲ್ಲಿ ಬದಲಾಯಿಸಬೇಡಿ. ಹಳೆಯದನ್ನು ಮುಚ್ಚುವ ಮೊದಲು ಎರಡು ತಾಲ್ಲೂಕಿನಲ್ಲಾದರೂ ಹೊಸದು ಒಂದು ತಿಂಗಳು ನಡೆಯಲಿ.

ಸ್ವಂತ ತಂಡ

ಇದು ನನಗೆ ತುಂಬ ಇಷ್ಟವಾದ ದಾರಿ. ಹಾಗಂತ ಸುಲಭ ಅಲ್ಲ. ನೋಂದಣಿ ಇಲಾಖೆಯ ಕಾವೇರಿ 2.0 ನೋಡಿ. ಹಳೆಯ ಕಾವೇರಿಯ ಕೆಲಸ ಬಹುಪಾಲು ಉಪನೋಂದಣಾಧಿಕಾರಿ ಕಚೇರಿಯೊಳಗಿನ ಕಂಪ್ಯೂಟರಿನಲ್ಲೇ ನಡೆಯುತ್ತಿತ್ತು. 2023ರಲ್ಲಿ ಬಂದ ಹೊಸದರಲ್ಲಿ ಜನ ಮನೆಯಲ್ಲೇ ವಿವರ ತುಂಬಿ, ಹಣ ಕಟ್ಟಿ, ಸಮಯ ಗೊತ್ತು ಮಾಡಿಕೊಂಡು ಕಚೇರಿಗೆ ಬರುತ್ತಾರೆ. ಇದನ್ನು ಕಟ್ಟಿದ್ದು ರಾಜ್ಯ ಸರ್ಕಾರದ್ದೇ ಆದ ಸೆಂಟರ್ ಫಾರ್ ಸ್ಮಾರ್ಟ್ ಗವರ್ನೆನ್ಸ್. ಭೂಮಿ, ಹಳ್ಳಿಯ ಆಸ್ತಿ ದಾಖಲೆಯ ಇ-ಸ್ವತ್ತು, ಸರ್ಕಾರಕ್ಕೆ ಹಣ ಕಟ್ಟುವ ಖಜಾನೆ-2 ಇವೆಲ್ಲದರ ಜೊತೆ ಜೋಡಣೆ ಬೇಕಾದ ಕೆಲಸ ಅದು. ಅಷ್ಟು ಕಡೆ ಮಾತಾಡಬೇಕಾದಾಗ ಒಳಗಿನ ತಂಡಕ್ಕೆ ಅನುಕೂಲ ಜಾಸ್ತಿ. 2025ರ ಜನವರಿಯಲ್ಲಿ ಆ ತಾಣದ ಮೇಲೆ ಡಿಡಾಸ್ ದಾಳಿ, ಅಂದರೆ ಒಮ್ಮೆಗೇ ರಾಶಿ ರಾಶಿ ಸುಳ್ಳು ಕೋರಿಕೆ ಕಳಿಸಿ ತಾಣವನ್ನು ಕಟ್ಟಿಹಾಕುವ ದಾಳಿ ನಡೆದು ನೋಂದಣಿ ಕೆಲಸಕ್ಕೇ ಅಡ್ಡಿಯಾಯಿತು. ಸ್ವಂತ ತಂಡ ಅಂದರೆ ಅಂಥ ದಿನ ರಾತ್ರಿ ಕೂತು ಕೆಲಸ ಮಾಡುವವರೂ ನಿಮ್ಮವರೇ ಆಗಿರಬೇಕು.

ಸ್ವಂತ ತಂಡದ ಕಷ್ಟ ಸಂಬಳದಿಂದ ಶುರುವಾಗುತ್ತದೆ. ಬೆಂಗಳೂರಿನಲ್ಲಿ ಒಳ್ಳೆಯ ಡೆವಲಪರ್‌ಗೆ ಹೊರಗೆ ಸಿಗುವ ಸಂಬಳವನ್ನು ನಮ್ಮ ಹೊರಗುತ್ತಿಗೆಯಲ್ಲಿ ಕೊಡಲು ಆಗುವುದಿಲ್ಲ. ಮಾರ್ಚ್ ಬಂದರೆ ನವೀಕರಣ ಆಗುತ್ತದೋ ಇಲ್ಲವೋ ಅನ್ನುವ ಆತಂಕ. ಎರಡು ತಿಂಗಳು ಸಂಬಳ ತಡವಾದರೆ ಹುಡುಗರು ಹೋಗುತ್ತಾರೆ, ಅವರನ್ನು ದೂರುವ ಹಾಗೂ ಇಲ್ಲ. ಎಲ್ಲ ಗೊತ್ತಿದ್ದ ಒಬ್ಬನೇ ಹುಡುಗ ಬಿಟ್ಟು ಹೋದ ಮೇಲೆ ಆರು ತಿಂಗಳು ಯಾರೂ ಆ ಕೋಡ್ ಮುಟ್ಟಲು ಹೆದರಿದ್ದನ್ನು ನಾನು ನೋಡಿದ್ದೇನೆ. ಮೂರು ಜನಕ್ಕಿಂತ ಕಡಿಮೆ ಇರುವ ತಂಡ ಕಟ್ಟಬೇಡಿ. ಬರೆದ ಕೋಡ್ ದಿನವೂ ಇಲಾಖೆಯ ಖಾತೆಗೆ ಸೇರಲಿ, ಅವರವರ ಲ್ಯಾಪ್‌ಟಾಪಿನಲ್ಲಿ ಉಳಿಯಬಾರದು.

ಹಾಗಾದರೆ ಯಾವುದು ಯಾವಾಗ? ನನ್ನ ಲೆಕ್ಕ ಹೀಗಿದೆ. ಅರ್ಜಿ ಮತ್ತು ಪತ್ರದ ಸೇವೆ ಆದರೆ ಸೇವಾಸಿಂಧು. ಇಲಾಖೆಯ ಪ್ರಾಣವೇ ಆಗಿರುವ ವಹಿ, ಅದಕ್ಕೆ ಕಾನೂನಿನ ಬಲ ಇದೆ, 20 ವರ್ಷ ಉಳಿಯಬೇಕು ಅಂತಾದರೆ ಎನ್‌ಐಸಿ ಅಥವಾ ಸ್ವಂತ ತಂಡ. ನಿಯಮ ಪದೇ ಪದೇ ಬದಲಾಗುವಂಥದ್ದಾದರೆ ಸ್ವಂತ ತಂಡದ ಕಡೆಗೇ ವಾಲುತ್ತೇನೆ. ನೂರಾರು ಕೌಂಟರ್, ಯಂತ್ರ, ಅಲ್ಲಿ ಕೂರುವ ಜನ ಎಲ್ಲ ಒಟ್ಟಿಗೆ ಬೇಕಾದರೆ ಟೆಂಡರ್. ಒಪ್ಪಂದ ನೋಡಿಕೊಳ್ಳಲು ಇಲಾಖೆಯಲ್ಲಿ ಪೂರ್ತಿ ಸಮಯದ ಒಬ್ಬರೂ ಇಲ್ಲದಿದ್ದರೆ ಟೆಂಡರ್ ಬೇಡ. ಆ ಒಬ್ಬರು ಸಿಗುವವರೆಗೆ ಕಾಯುವುದೇ ವಾಸಿ.

ಯಾವ ದಾರಿ ಹಿಡಿದರೂ

ಕನ್ನಡವನ್ನು ಮೊದಲ ದಿನವೇ ಪರೀಕ್ಷೆ ಮಾಡಿ. ಪರದೆಯ ಮೇಲೆ ಚೆನ್ನಾಗಿ ಕಂಡದ್ದು ಪಿಡಿಎಫ್ ಆದಾಗ ಒಡೆಯುತ್ತದೆ. ನಾನು ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಂಡಿರುತ್ತೇನೆ. ಜ್ಞಾನೇಶ್ವರಯ್ಯ, ಲಕ್ಷ್ಮೀದೇವಮ್ಮ, ಕೃಷ್ಣಮೂರ್ತಿ, ಉಸ್ಮಾನ್, ಥಾಮಸ್, ಸೂರ್ಯಕಾಂತ ಅಂತ ಅದರಲ್ಲಿ ಹೆಸರುಗಳಿವೆ. ಡೆಮೊ ತೋರಿಸಲು ಬಂದವರಿಗೆ ಈ ಹೆಸರು ತುಂಬಿ ಪ್ರಮಾಣಪತ್ರ ಪ್ರಿಂಟ್ ತೆಗೆಯಿರಿ ಅನ್ನುತ್ತೇನೆ. ಒತ್ತಕ್ಷರ ಪಕ್ಕಕ್ಕೆ ಜಾರುತ್ತದೆ, ಅರ್ಕಾವತ್ತು ಕಾಣೆಯಾಗುತ್ತದೆ. ಹಳೆಯ ಡೇಟಾ ಯುನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿದ್ದರೆ ಅದನ್ನು ಬದಲಾಯಿಸಿ ತಾಳೆ ನೋಡುವ ಕೆಲಸವನ್ನು ಪ್ರತ್ಯೇಕವಾಗಿ ಬರೆಯಿರಿ, ಅದಕ್ಕೆ ಸಮಯವನ್ನೂ ಕೊಡಿ. ಜನರ ಹೆಸರು ತಪ್ಪಾಗಿ ಅಚ್ಚಾದರೆ ಅದನ್ನು ತಿದ್ದಿಸಲು ಅವರು ಒಂದು ದಿನದ ಕೂಲಿ ಬಿಟ್ಟು ಬರಬೇಕು.

ಸೆಕ್ಯುರಿಟಿ ಆಡಿಟ್ ಕೊನೆಗೆ ನೋಡೋಣ ಅನ್ನಬೇಡಿ. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಪಟ್ಟಿಯಲ್ಲಿರುವ ಸಂಸ್ಥೆಯಿಂದ ಪರೀಕ್ಷೆ ಆಗಿ ಪ್ರಮಾಣಪತ್ರ ಬರದೆ ಸರ್ಕಾರಿ ಡೇಟಾ ಸೆಂಟರಿನಲ್ಲಿ ತಾಣ ಏರುವುದಿಲ್ಲ. ಒಂದು ಸುತ್ತಿನಲ್ಲಿ ಅದು ಮುಗಿಯುವುದು ಅಪರೂಪ. ಉದ್ಘಾಟನೆಯ ದಿನ ಗೊತ್ತಾಗುವ ಮೊದಲೇ ಆ ಕೆಲಸ ಶುರುವಾಗಿರಬೇಕು. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆಯೂ ಬಂದಿದೆ. ಬೇಕಿಲ್ಲದ ಮಾಹಿತಿಯನ್ನು ಕೇಳಲೇಬೇಡಿ.

ಇನ್ನು ಖಾತೆಗಳ ವಿಷಯ. ಒಂದು ಸಲ ನಮ್ಮ ಮೊಬೈಲ್ ಆ್ಯಪ್ ಪ್ಲೇಸ್ಟೋರಿನಲ್ಲಿ ಕಂಪನಿಯ ಹೆಸರಿನಲ್ಲೇ ಇತ್ತು. ಎಸ್‌ಎಂಎಸ್ ಖಾತೆಯ ಪಾಸ್‌ವರ್ಡ್ ಅವರ ಒಬ್ಬ ನೌಕರರ ಸ್ವಂತ ಇಮೇಲಿಗೆ ಜೋಡಣೆಯಾಗಿತ್ತು. ಅವರು ಕೆಲಸ ಬಿಟ್ಟು ಹೋಗಿದ್ದರು. ಒಪ್ಪಂದ ಮುಗಿದ ಮೇಲೆ ಆ ಎರಡನ್ನೂ ವಾಪಸ್ ಪಡೆಯಲು ನಾವು ಪಟ್ಟ ಪಾಡು ಬೇರೆ ಯಾವ ಇಲಾಖೆಗೂ ಬೇಡ. ಈಗ ಕಾರ್ಯಾದೇಶ ಕೊಡುವ ದಿನವೇ ತಾಣದ ಹೆಸರು, ಆ್ಯಪ್ ಖಾತೆ, ಎಸ್‌ಎಂಎಸ್, ಸರ್ವರ್ ಎಲ್ಲವನ್ನೂ ಇಲಾಖೆಯ ಹುದ್ದೆಯ ಇಮೇಲಿನಲ್ಲಿ ತೆರೆಸುತ್ತೇನೆ. ಮೊದಲ ಬಿಲ್ ಪಾಸ್ ಮಾಡುವ ಮೊದಲು ಇನ್ನೊಂದು ಕೆಲಸ ಮಾಡಿಸುತ್ತೇನೆ. ಸೋರ್ಸ್ ಕೋಡ್ ಮತ್ತು ಡೇಟಾದ ಬ್ಯಾಕಪ್ ಅನ್ನು ಇಲಾಖೆಯ ಒಂದು ಖಾಲಿ ಕಂಪ್ಯೂಟರಿಗೆ ಹಾಕಿ, ಕಂಪನಿಯವರು ಮುಟ್ಟದೆ ನಮ್ಮವರೇ ಅದನ್ನು ಚಾಲೂ ಮಾಡಿ ತೋರಿಸಬೇಕು. ಕಳೆದ ಸಲ ಮೂರನೇ ಪ್ರಯತ್ನದಲ್ಲಿ, ಸಂಜೆ ಆರೂವರೆಗೆ, ಲಾಗಿನ್ ಪರದೆ ಬಂತು. ಬಿಲ್ಲಿಗೆ ಸಹಿ ಹಾಕಿದ್ದು ಅದಾದ ಮೇಲೆ.